ಅಜ್ಜಿಯ ಮಡಿಲು, ಹಳೇ ಕಾರಿನ ಬೆಲ್ಟು

ಬಸವೇಶ್ವರನಗರದ ನಮ್ಮ ಮಾವನವರ ಕಾರು 1990ರ ದಶಕದ್ದು. ವಾರವೆಲ್ಲ ಹೊದಿಕೆ ಹೊದ್ದು ನಿಂತಿದ್ದು ಭಾನುವಾರ ಕೆಂಗೇರಿಯ ನೆಂಟರ ಮನೆಗೆ ಹೊರಡುತ್ತದೆ. ಹೋದ ತಿಂಗಳು ಮೂರು ವರ್ಷದ ಮಗಳನ್ನು ಹತ್ತಿಸುವ ಮುಂಚೆ ಹಿಂದಿನ ಸೀಟಿನ ಸಂದಿಗೆ ಕೈ ಹಾಕಿದೆ. ಬಿಸ್ಕತ್ತಿನ ಪುಡಿ, ಒಂದು ರೂಪಾಯಿ ನಾಣ್ಯದ ಜೊತೆ ಮೇಲೆ ಬಂದದ್ದು ಸೊಂಟಕ್ಕೆ ಮಾತ್ರ ಕಟ್ಟುವ ಒಂದು ಪಟ್ಟಿ. ಅಂಚಿನ ನೂಲು ಎದ್ದಿತ್ತು, ಬಿಸಿಲಿಗೆ ಬಣ್ಣ ಹೋಗಿತ್ತು. "ಅದೆಲ್ಲ ಯಾಕಪ್ಪಾ, ಮಡಿಲಲ್ಲಿ ಭದ್ರವಾಗಿ ಹಿಡ್ಕೋತೀನಿ" ಎಂದರು ಅತ್ತೆ.

ಅವರ ಪ್ರೀತಿ ದೊಡ್ಡದು. ಆದರೆ ಈ ಲೆಕ್ಕ ನೋಡಿ. ಮೈಸೂರು ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ಕಾರು ಸೆಕೆಂಡಿಗೆ 11 ಮೀಟರ್ ಓಡುತ್ತಿರುತ್ತದೆ. ಅದು ಡಿಕ್ಕಿ ಹೊಡೆದು, ಮೂತಿ ನುಜ್ಜಾಗುತ್ತಾ ಅರ್ಧ ಮೀಟರಿನಲ್ಲಿ ನಿಂತಿತು ಎನ್ನೋಣ. ಕಾರು ನಿಂತರೂ ಮಗು ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. 10 ಕೆ.ಜಿ. ಮಗುವನ್ನು ಆ ಕ್ಷಣ ಹಿಡಿದು ನಿಲ್ಲಿಸಲು ಸುಮಾರು 125 ಕೆ.ಜಿ. ಮೂಟೆ ಎತ್ತುವಷ್ಟು ಬಲ ಬೇಕು. ಅದೂ ಕಣ್ಣು ಮಿಟುಕಿಸುವುದರೊಳಗೆ. ಪೈಲ್ವಾನನ ತೋಳಿಗೂ ಅದು ಆಗದ ಕೆಲಸ. ಹಿಡಿದವರು ಬೆಲ್ಟು ಹಾಕಿರದಿದ್ದರಂತೂ ಅವರ ಮೈಭಾರವೂ ಮಗುವಿನ ಮೇಲೆಯೇ ಬೀಳುತ್ತದೆ. 40 ಕಿ.ಮೀ. ವೇಗದ ಡಿಕ್ಕಿ ಎಂದರೆ ಇಪ್ಪತ್ತು ಅಡಿ ಎತ್ತರದಿಂದ ನೆಲಕ್ಕೆ ಬಿದ್ದಂತೆ. ಬಾಲ್ಕನಿಯ ಕಟ್ಟೆ ಮೇಲೆ ಮಗುವನ್ನು ನಿಲ್ಲಿಸಲು ಯಾರೂ ಒಪ್ಪುವುದಿಲ್ಲವಲ್ಲ?

ಹಾಗಾದರೆ ಆ ಸೊಂಟಪಟ್ಟಿಯನ್ನೇ ಮಗುವಿಗೆ ಬಿಗಿದರಾಯಿತೇ? ಸಾಲದು. ದೊಡ್ಡವರ ಸೊಂಟದ ಮೂಳೆಗೆ ಎರಡೂ ಬದಿ ಗಟ್ಟಿ ಏಣುಗಳಿದ್ದು, ಬೆಲ್ಟು ಅಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಮಕ್ಕಳಲ್ಲಿ ಆ ಏಣು ಇನ್ನೂ ಬಲಿತಿರುವುದಿಲ್ಲ. ಡಿಕ್ಕಿಯಾದಾಗ ಪಟ್ಟಿ ಜಾರಿ ಮೆತ್ತಗಿನ ಹೊಟ್ಟೆಗೆ ಏರುತ್ತದೆ. ಮೈಯ ಮೇಲ್ಭಾಗ ಮುಂದಕ್ಕೆ ಮಡಚಿಕೊಂಡು ಕರುಳಿಗೂ ಬೆನ್ನುಮೂಳೆಗೂ ಒಟ್ಟಿಗೆ ಪೆಟ್ಟಾಗುತ್ತದೆ. ಹೆಗಲನ್ನೂ ಹಿಡಿಯುವ ಮೂರು ಬಿಂದುಗಳ ಬೆಲ್ಟನ್ನು ಸ್ವೀಡನ್ನಿನ ನಿಲ್ಸ್ ಬೋಲಿನ್ 1959ರಲ್ಲಿ ರೂಪಿಸಿದ್ದು ಇದಕ್ಕೇ. ಆದರೆ ಅದೂ ದೊಡ್ಡವರ ಅಳತೆಯದ್ದು. ಸುಮಾರು 145 ಸೆಂ.ಮೀ. ಎತ್ತರ ಬೆಳೆಯುವ ತನಕ ಮಕ್ಕಳ ಕತ್ತನ್ನೇ ಉಜ್ಜುತ್ತಿರುತ್ತದೆ.

ಕೂಸುಗಳ ವಿಷಯ ಇನ್ನೂ ನಾಜೂಕು. ಹುಟ್ಟಿದ ಮಗುವಿನ ತಲೆಯೇ ಅದರ ಉದ್ದದ ಕಾಲು ಭಾಗ. ಕತ್ತಿನ ಮೂಳೆ ಇನ್ನೂ ಅರೆ ಮೃದ್ವಸ್ಥಿ. ಅದಕ್ಕೇ ಅವನ್ನು ಕಾರಿನ ಹಿಂಬದಿಗೆ ಮುಖ ಮಾಡಿ ಕೂರಿಸುವುದು. ಆಗ ತಲೆ, ಕತ್ತು, ಬೆನ್ನು ಒಟ್ಟಿಗೇ ಸೀಟಿಗೆ ಒರಗುತ್ತವೆ.

ಹಳೇ ಕಾರಿನವರು ಮುಖ್ಯವಾಗಿ ತಿಳಿಯಬೇಕಾದದ್ದು ಇಷ್ಟು. ಹಿಂದೆ ಸೊಂಟಪಟ್ಟಿ ಮಾತ್ರ ಇದ್ದರೆ ಮಗುವನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟು ಕೊಳ್ಳಬೇಡಿ, ಹೆಗಲ ಪಟ್ಟಿಯಿಲ್ಲದೆ ಅದು ಕೆಲಸಕ್ಕೆ ಬಾರದು. ಮಗುವನ್ನು ತನ್ನದೇ ಐದು ಪಟ್ಟಿಗಳಿಂದ ಹಿಡಿಯುವ ಸೀಟು ತನ್ನಿ. ಅದರ ಕೈಪಿಡಿಯಲ್ಲಿ ಸೊಂಟಪಟ್ಟಿಯಿಂದ ಕಟ್ಟಬಹುದು ಎಂದು ಬರೆದಿರಲೇಬೇಕು. ಸೀಟಿನ ಮೇಲೆ ಮಂಡಿಯೂರಿ ಭಾರ ಹಾಕಿ ಬೆಲ್ಟು ಬಿಗಿಯಿರಿ. ಬೆಲ್ಟು ಹಾಯುವ ಜಾಗದಲ್ಲಿ ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ತಾನೇ ಸುತ್ತಿಕೊಳ್ಳುವ ಬೆಲ್ಟಾದರೆ ಮಾಮೂಲಿ ಓಡಾಟದಲ್ಲಿ ಅದು ಸಡಿಲವಾಗಿಯೇ ಇದ್ದು, ಗಕ್ಕನೆ ಬ್ರೇಕು ಬಿದ್ದಾಗ ಮಾತ್ರ ಹಲ್ಲು ಕಚ್ಚುತ್ತದೆ. ಆದ್ದರಿಂದ ಬೆಲ್ಟನ್ನು ಕಚ್ಚಿ ಹಿಡಿಯುವ ಕ್ಲಿಪ್ಪು ಸೀಟಿನಲ್ಲೇ ಇದೆಯೇ ನೋಡಿ.

ನೂಲೆದ್ದ ಇಲ್ಲವೇ ಒಮ್ಮೆ ಅಪಘಾತ ಕಂಡ ಬೆಲ್ಟನ್ನು ಹೊಲಿಸಬೇಡಿ, ಬದಲಿಸಿ. ಬಿಡಿಭಾಗಕ್ಕೆ ಜೆ.ಸಿ. ರಸ್ತೆಗೆ ಹೋದರೂ ಬೇರೆ ಕಾರಿನಿಂದ ಬಿಚ್ಚಿದ ಬೆಲ್ಟು ತರಬೇಡಿ. ಅದು ಯಾವ ಪೆಟ್ಟು ತಿಂದಿದೆಯೋ ಯಾರಿಗೂ ಗೊತ್ತಿರುವುದಿಲ್ಲ. ನಮ್ಮಲ್ಲಿ ಕಾರು ತಯಾರಕರು ಮುಂದಿನ ಸೀಟುಗಳಿಗೆ ಬೆಲ್ಟು ಕೊಡುವುದು ಕಡ್ಡಾಯವಾದದ್ದೇ 1994ರಲ್ಲಿ. ಹಿಂದಿನ ಸೀಟಿನ ಸರದಿ ಬಂದದ್ದು ಆಮೇಲೆ. ಹಾಗಾಗಿ ಕೆಲವು ಹಳೇ ಕಾರುಗಳ ಹಿಂದೆ ಬೆಲ್ಟೇ ಇಲ್ಲ. ಅಂಥವಕ್ಕೆ ಬೆಲ್ಟು ಹಾಕಿಸುವಾಗ ಬೋಲ್ಟು ಕೂರಬೇಕಾದದ್ದು ಗಟ್ಟಿ ಚೌಕಟ್ಟಿನಲ್ಲಿ, ತಗಡಿಗೆ ತೂತು ಕೊರೆದು ಸಿಕ್ಕಿಸಿದರೆ ಎಳೆತಕ್ಕೆ ಕಿತ್ತು ಬರುತ್ತದೆ. ಅದಾಗುವವರೆಗೆ ಮಕ್ಕಳೊಂದಿಗೆ ವಿಜಯನಗರದಿಂದ ಕೆಂಗೇರಿಗೆ ಮೆಟ್ರೋ ಹತ್ತುವುದೇ ಮೇಲು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ಕಾರು ಓಡಿಸಿದರೆ ಸಾವಿರ ರೂಪಾಯಿ ದಂಡ.

ನಾವು ಹೊಸ ಬೆಲ್ಟು ಹಾಕಿಸಿ ಐದು ಪಟ್ಟಿಗಳ ಸೀಟು ಕಟ್ಟಿದೆವು. ಮೊದಲ ದಿನ ಮಗಳು ಸುಮನಹಳ್ಳಿ ದಾಟುವವರೆಗೂ ಅತ್ತಳು. ಅತ್ತೆ ಪಕ್ಕದಲ್ಲಿ ತಾವೂ ಬೆಲ್ಟು ಹಾಕಿಕೊಂಡು ಅವಳ ಕೈ ಹಿಡಿದು ಕೂತರು. ಈ ಭಾನುವಾರ ಹೊರಡುವ ಮುಂಚೆ ನಿಮ್ಮ ಕಾರಿನ ಹಿಂದಿನ ಸೀಟಿನ ಸಂದಿಗೂ ಒಮ್ಮೆ ಕೈ ಹಾಕಿ ನೋಡಿ.