ಸ್ಪೋರ್ಟ್ಸ್ ಕಾರಿಗೆ ಹೊಸ ಟೈರ್: ವೇಗಕ್ಕಿಂತ ಮೊದಲು ಮಳೆಯನ್ನು ನೋಡಿ

ಬೆಂಗಳೂರು: ಎಷ್ಟೇ ಲಕ್ಷ ಸುರಿದು ಕೊಂಡ ಕಾರಾದರೂ ಅದು ರಸ್ತೆಯನ್ನು ಮುಟ್ಟುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಎಂಜಿನ್ನಿನ ಶಕ್ತಿ, ಬ್ರೇಕಿನ ಬಲ, ಸ್ಟೀರಿಂಗಿನ ಚುರುಕು ಎಲ್ಲವೂ ಆ ನಾಲ್ಕು ಅಂಗೈ ರಬ್ಬರಿನ ಮೂಲಕವೇ ರಸ್ತೆಗೆ ಇಳಿಯಬೇಕು. ಹಾಗಿದ್ದೂ ಟೈರ್ ಬದಲಿಸುವ ದಿನ ಬಂದಾಗ ಆನೆ ಕೊಂಡವರು ಅಂಕುಶಕ್ಕೆ ಚೌಕಾಸಿ ಮಾಡುವುದು ಸಾಮಾನ್ಯ. ಇನ್ನು ಕೆಲವರು ಅಂತರಜಾಲದಲ್ಲಿ ವಿದೇಶಿ ವಿಮರ್ಶೆಗಳನ್ನು ಓದಿ, ನಮ್ಮ ಹವೆಗೆ ಸಂಬಂಧವೇ ಇಲ್ಲದ ಟೈರಿಗೆ ಹಣ ತೆರುತ್ತಾರೆ.

ನಾಗರಬಾವಿಯಲ್ಲಿ ಇಂಥದೊಂದು ಕಾರನ್ನು ವರ್ಷವಿಡೀ ಓಡಿಸುವವರ ಸ್ಥಿತಿಯನ್ನೇ ತೆಗೆದುಕೊಳ್ಳೋಣ. ವಾರದ ದಿನಗಳಲ್ಲಿ ಹೊರವರ್ತುಲ ರಸ್ತೆ. ಸುಮನಹಳ್ಳಿಯಿಂದ ನಾಯಂಡಹಳ್ಳಿಯವರೆಗೆ ದಟ್ಟಣೆ, ಗುಂಡಿ, ಉಬ್ಬು. ವಾರಾಂತ್ಯ ಬಂತೆಂದರೆ ಕೆಂಗೇರಿ ದಾಟಿ ಮೈಸೂರು ಹೆದ್ದಾರಿ. ಮುಂಗಾರು, ಹಿಂಗಾರು ಎರಡೂ ಸೇರಿ ವರ್ಷದಲ್ಲಿ ಆರು ತಿಂಗಳು ಮಳೆಯ ನಿರೀಕ್ಷೆ. ಇಷ್ಟನ್ನೂ ಒಂದೇ ಜೊತೆ ಟೈರುಗಳು ನಿಭಾಯಿಸಬೇಕು. ಹಾಗಾದರೆ ಆಯ್ಕೆ ಹೇಗಿರಬೇಕು?

ಚಳಿಗಾಲದ ಟೈರಿನ ಗೊಡವೆ ಬೇಡ

ಯುರೋಪ್, ಅಮೆರಿಕಗಳಲ್ಲಿ ‘ವರ್ಷವಿಡೀ ಓಡಿಸುವ ಕಾರು’ ಎಂದರೆ ಹಿಮದಲ್ಲೂ ಓಡಿಸುವ ಕಾರು ಎಂದರ್ಥ. ಬೇಸಿಗೆ ಟೈರಿನ ರಬ್ಬರು ಉಷ್ಣಾಂಶ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಪೆಡಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದಲೇ ಅಲ್ಲಿ ಚಳಿಗಾಲಕ್ಕೆ ಬೇರೆ ಟೈರು, ಎರಡೂ ಕಾಲಕ್ಕೆ ಹೊಂದುವ ‘ಆಲ್ ಸೀಸನ್’ ಟೈರು ಎಂಬ ವರ್ಗಗಳಿವೆ.

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಗರಿಷ್ಠ ಉಷ್ಣಾಂಶ 39.2 ಡಿಗ್ರಿ ದಾಖಲಾದದ್ದು 2016ರ ಏಪ್ರಿಲ್‌ನಲ್ಲಿ. ಅಂದರೆ ಬೇಸಿಗೆ ಟೈರು ಪೆಡಸಾಗುವಷ್ಟು ಚಳಿ ಈ ನಗರದ ದಾಖಲೆಗಳಲ್ಲೇ ಇಲ್ಲ. ಚಳಿಗಾಗಿ ಬಿಸಿಲಿನ ಹಿಡಿತವನ್ನು ಬಿಟ್ಟುಕೊಡುವ ಆಲ್ ಸೀಸನ್ ಟೈರಿನಿಂದ ನಮ್ಮ ಸ್ಪೋರ್ಟ್ಸ್ ಕಾರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಜನವರಿಯ ಮುಂಜಾವಿನಲ್ಲಿ ಊಟಿಯ ಇಬ್ಬನಿ ಹೆಪ್ಪುಗಟ್ಟಿದ ರಸ್ತೆಗಿಳಿಯುವವರು ಮೊದಲ ಕೆಲವು ಕಿಲೋಮೀಟರ್ ನಿಧಾನವಾಗಿ ಸಾಗಿದರೆ ಸಾಕು.

ಹೆಸರು ‘ಬೇಸಿಗೆ ಟೈರು’ ಎಂದಿದ್ದರೂ ಅದು ಒಣ ರಸ್ತೆಗೆ ಮಾತ್ರ ಮೀಸಲಾದದ್ದಲ್ಲ ಎಂಬುದನ್ನು ಗಮನಿಸಬೇಕು. ಒಳ್ಳೆಯ ಬೇಸಿಗೆ ಟೈರು ಬೆಚ್ಚಗಿನ ಮಳೆಯಲ್ಲೂ ಗಟ್ಟಿಯಾಗಿ ಹಿಡಿಯುತ್ತದೆ. ಆದ್ದರಿಂದ ನಮ್ಮ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಹಿಮವಲ್ಲ, ನೀರು.

ನೀರಿನ ಮೇಲೆ ತೇಲುವ ಕಾರು

ಟೈರಿನ ಮೈಮೇಲಿರುವ ಟ್ರೆಡ್, ಅಂದರೆ ಆ ಕಾಲುವೆಗಳಂಥ ಗೆರೆಗಳು, ಇರುವುದು ಅಂದಕ್ಕಲ್ಲ. ಚಕ್ರದಡಿಯ ನೀರನ್ನು ಹೊರಗೆ ದೂಡುವುದು ಅವುಗಳ ಕೆಲಸ. ವೇಗ ಹೆಚ್ಚಿ, ನೀರು ಹೊರಹೋಗಲು ಸಮಯ ಸಾಲದಾದಾಗ ಟೈರು ರಸ್ತೆಯನ್ನು ಬಿಟ್ಟು ನೀರಿನ ಪದರದ ಮೇಲೆ ತೇಲತೊಡಗುತ್ತದೆ. ಇದಕ್ಕೆ ‘ಅಕ್ವಾಪ್ಲೇನಿಂಗ್’ ಎನ್ನುತ್ತಾರೆ. ಆ ಕ್ಷಣದಲ್ಲಿ ಬ್ರೇಕೂ ಕೆಲಸ ಮಾಡದು, ಸ್ಟೀರಿಂಗೂ ಮಾತು ಕೇಳದು.

ವಿಮಾನದ ಚಕ್ರಗಳ ಬಗ್ಗೆ ಅಮೆರಿಕದ ನಾಸಾ ಸಂಸ್ಥೆ 1960ರ ದಶಕದಲ್ಲಿ ನಡೆಸಿದ ಸಂಶೋಧನೆಯಿಂದ ಇದಕ್ಕೊಂದು ಸರಳ ಸೂತ್ರ ದೊರೆಯಿತು. ಟೈರಿನ ಗಾಳಿಯ ಒತ್ತಡದ ವರ್ಗಮೂಲವನ್ನು ಒಂಬತ್ತರಿಂದ ಗುಣಿಸಿದರೆ, ತೇಲಾಟ ಆರಂಭವಾಗುವ ವೇಗ ನಾಟ್‌ಗಳಲ್ಲಿ ಸಿಗುತ್ತದೆ. ಈ ಲೆಕ್ಕದಂತೆ 32 ಪಿಎಸ್‌ಐ ಗಾಳಿಯಿರುವ ಟೈರು ಗಂಟೆಗೆ ಸುಮಾರು 94 ಕಿ.ಮೀ. ವೇಗದಲ್ಲಿ ತೇಲಬಹುದು. ಗಾಳಿ 24ಕ್ಕೆ ಇಳಿದಿದ್ದರೆ ಸುಮಾರು 82 ಕಿ.ಮೀ.ಗೇ ಅಪಾಯ ಶುರು. ಟ್ರೆಡ್ ಸವೆದು ನೀರಿಗೆ ದಾರಿ ಇಲ್ಲದಿರುವಾಗಿನ ಲೆಕ್ಕ ಇದು. ಆಳವಾದ ಟ್ರೆಡ್ ಈ ಮಿತಿಯನ್ನು ಮೇಲಕ್ಕೆ ಒಯ್ಯುತ್ತದೆ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ವೇಗದ ಮಿತಿ ಗಂಟೆಗೆ 100 ಕಿ.ಮೀ. ಅಂದರೆ ಕಾನೂನಿಗೆ ಒಳಪಟ್ಟ ವೇಗದಲ್ಲೇ ಸವೆದ ಟೈರು ತೇಲಬಲ್ಲದು. ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ಬೇಸಿಗೆ ಮಳೆಗೆ ರಾಮನಗರದ ಬಳಿ ಈ ರಸ್ತೆಯ ಮೇಲೆ ನೀರು ನಿಂತದ್ದು ಓದುಗರಿಗೆ ನೆನಪಿರಬಹುದು. ಸ್ಪೋರ್ಟ್ಸ್ ಕಾರುಗಳ ಅಗಲವಾದ ಟೈರು ಒಣ ರಸ್ತೆಯಲ್ಲಿ ವರವಾದರೂ ಮಳೆಯಲ್ಲಿ ಹೆಚ್ಚು ನೀರನ್ನು ದೂಡಬೇಕಾಗುತ್ತದೆ. ಸವೆದಾಗ ಬೇಗ ತೇಲುವುದೂ ಅದೇ.

ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರಿನಲ್ಲಿ ಕನಿಷ್ಠ 1.6 ಮಿ.ಮೀ. ಆಳದ ಟ್ರೆಡ್ ಇರಬೇಕು. ಇದು ದಂಡದಿಂದ ಪಾರಾಗುವ ಅಳತೆಯೇ ಹೊರತು ಮಳೆಯಿಂದ ಪಾರಾಗುವ ಅಳತೆಯಲ್ಲ. ಮೂರು ಮಿ.ಮೀ.ಗೆ ಇಳಿಯುತ್ತಿದ್ದಂತೆ ಬದಲಿಸುವುದು ಜಾಣತನ.

ಟೈರಿನ ಪಕ್ಕದಲ್ಲೇ ಜಾತಕ

ಟೈರಿನ ಬದಿಯಲ್ಲಿ ಅದರ ಜಾತಕವೇ ಬರೆದಿರುತ್ತದೆ. ಉದಾಹರಣೆಗೆ 225/40 ಆರ್ 18, 92 ವೈ. ಇಲ್ಲಿ 225 ಎಂಬುದು ಮಿಲಿಮೀಟರ್‌ಗಳಲ್ಲಿ ಅಗಲ. ಪಕ್ಕಗೋಡೆಯ ಎತ್ತರ ಅದರ ಶೇ 40, ಅಂದರೆ 90 ಮಿ.ಮೀ. ಹದಿನೆಂಟು ಎಂಬುದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. 92 ಎಂದರೆ ಒಂದು ಟೈರು 630 ಕಿಲೋ ಭಾರ ಹೊರಬಲ್ಲದು. ‘ವೈ’ ಎಂದರೆ ಗಂಟೆಗೆ 300 ಕಿ.ಮೀ. ವೇಗ ತಾಳಬಲ್ಲದು. ಭಾರದ ಸಂಖ್ಯೆ ಮೂಲ ಟೈರಿನದಕ್ಕಿಂತ ಕಡಿಮೆಯಾಗಲೇಬಾರದು.

‘ಡಾಟ್’ ಎಂಬ ಗುರುತಿನ ಸಾಲಿನ ಕೊನೆಯ ನಾಲ್ಕು ಅಂಕಿಗಳನ್ನು ತಪ್ಪದೇ ಓದಿ. 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ರಬ್ಬರು ಕುಳಿತಲ್ಲೇ ಮುಪ್ಪಾಗುತ್ತದೆ. ಕಡಿಮೆ ಓಡುವ ಕಾರುಗಳಲ್ಲಂತೂ ಟ್ರೆಡ್ ಸವೆಯುವ ಮೊದಲೇ ವಯಸ್ಸು ಮೀರಿರುತ್ತದೆ. ಐದು ವರ್ಷ ದಾಟಿದ ಟೈರನ್ನು ಪ್ರತಿವರ್ಷ ಪರೀಕ್ಷಿಸಬೇಕು. ಐಎಸ್‌ಐ ಮುದ್ರೆ ಇದೆಯೇ ಎಂಬುದನ್ನೂ ನೋಡಿಕೊಳ್ಳಿ.

ಐರೋಪ್ಯ ಲೇಬಲ್ ಇರುವ ಟೈರುಗಳಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆ ‘ಎ’ಯಿಂದ ‘ಇ’ವರೆಗೆ ದರ್ಜೆ ಕೊಟ್ಟಿರುತ್ತಾರೆ. ಎರಡು ಟೈರುಗಳ ನಡುವೆ ಮನಸ್ಸು ಹೊಯ್ದಾಡಿದರೆ ಈ ದರ್ಜೆಯೇ ತೀರ್ಪು ಕೊಡಲಿ. ಚೆನ್ನೈ, ಕೊಯಮತ್ತೂರು ಟ್ರ್ಯಾಕ್‌ಗಳಲ್ಲಿ ಮೆರೆಯುವ ‘ಸೆಮಿ ಸ್ಲಿಕ್’ ಟೈರುಗಳಲ್ಲಿ ಗೆರೆಗಳೇ ಕಡಿಮೆ. ನಿತ್ಯದ ಕಾರಿಗೆ ಅವು ಹೇಳಿಸಿದ್ದಲ್ಲ.

ಗುಂಡಿಗೆ ಏನು ಉಪಾಯ?

90 ಮಿ.ಮೀ. ಎತ್ತರದ ಪಕ್ಕಗೋಡೆಗೆ ನಮ್ಮ ಗುಂಡಿಗಳೇ ಶತ್ರು. ಏಟು ಬಿದ್ದು ಒಳಗಿನ ನೂಲು ಹರಿದರೆ ಬದಿಯಲ್ಲಿ ಗುಳ್ಳೆ ಏಳುತ್ತದೆ. ಅದಕ್ಕೆ ರಿಪೇರಿ ಇಲ್ಲ, ಬದಲಿಸಲೇಬೇಕು.

ರಿಮ್ ಒಂದು ಅಂಗುಲ ಚಿಕ್ಕದಾಗಿಸುವುದು ಒಂದು ಉಪಾಯ. 225/40 ಆರ್ 18ರ ಒಟ್ಟು ವ್ಯಾಸ ಸುಮಾರು 637 ಮಿ.ಮೀ.; 225/45 ಆರ್ 17ರದ್ದು ಸುಮಾರು 634. ವ್ಯತ್ಯಾಸ ಶೇ ಅರ್ಧದಷ್ಟು ಮಾತ್ರವಾದ್ದರಿಂದ ಸ್ಪೀಡೋಮೀಟರ್ ಸುಳ್ಳು ಹೇಳದು. ಪಕ್ಕಗೋಡೆ ಮಾತ್ರ 101 ಮಿ.ಮೀ.ಗೆ ಏರುತ್ತದೆ. ಆದರೆ ಚಿಕ್ಕ ರಿಮ್ಮಿನೊಳಗೆ ಕಾರಿನ ಬ್ರೇಕ್ ಹಿಡಿಸುತ್ತದೆಯೇ, ಆ ಅಳತೆ ತಯಾರಕರ ಪಟ್ಟಿಯಲ್ಲಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಈ ಅಳತೆಯಲ್ಲಿ 91 ಸಂಖ್ಯೆಯ ಟೈರು 615 ಕಿಲೋ ಮಾತ್ರ ಹೊರುತ್ತದೆ. ಆದ್ದರಿಂದ 94 ಎಂದಿರುವುದನ್ನೇ ಕೇಳಿ ಪಡೆಯಬೇಕು. ಅಂದಕ್ಕಾಗಿ ಇನ್ನೂ ದೊಡ್ಡ ರಿಮ್ ಹಾಕಿಸುವುದು ಗುಂಡಿಗೆ ಆಹ್ವಾನ ಕೊಟ್ಟಂತೆ.

ಕೆಲವು ಕಾರುಗಳಿಗೆ ‘ರನ್ ಫ್ಲಾಟ್’ ಟೈರು ಇರುತ್ತದೆ. ಗಾಳಿ ಹೋದರೂ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸುಮಾರು 80 ಕಿ.ಮೀ. ದೂರ ಸಾಗಬಹುದು, ಆದರೆ ಸವಾರಿ ಬಿರುಸು. ಅದನ್ನು ಬಿಟ್ಟು ಸಾಮಾನ್ಯ ಟೈರು ಹಾಕಿಸುವವರು ಸ್ಟೆಪ್ನಿ ಅಥವಾ ಪಂಕ್ಚರ್ ಕಿಟ್ ಇಟ್ಟುಕೊಳ್ಳುವುದನ್ನು ಮರೆಯಬಾರದು.

ಎರಡನ್ನೇ ಬದಲಿಸುವುದಾದರೆ

ಹೊಸ ಟೈರುಗಳನ್ನು ಮುಂದಿನ ಚಕ್ರಗಳಿಗೆ ಹಾಕುವುದು ಅನೇಕರ ರೂಢಿ. ಅದು ತಪ್ಪು. ಎಂಜಿನ್ನಿನ ಶಕ್ತಿ ಯಾವ ಚಕ್ರಕ್ಕೇ ಹೋಗಲಿ, ಹೊಸ ಜೋಡಿ ಹಿಂದಕ್ಕೇ ಹೋಗಬೇಕು. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಸುಧಾರಿಸಿಕೊಳ್ಳಲು ಅವಕಾಶವುಂಟು. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಕಾರಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸುವುದೇ ಕ್ಷೇಮ.

ಯಾವಾಗ ಕೊಳ್ಳಬೇಕು?

2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಆದರೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರುಗಳನ್ನು ನಿರ್ಬಂಧಿತ ಆಮದು ಪಟ್ಟಿಗೆ ಸೇರಿಸಿದ ಬಳಿಕ, ಅಪರೂಪದ ಅಳತೆಯವು ಕೇಳಿದ ದಿನವೇ ಸಿಗುತ್ತವೆಂಬ ಭರವಸೆ ಇಲ್ಲ. ಸಿಕ್ಕಿದ್ದು ಹಳೆಯ ದಾಸ್ತಾನೂ ಆಗಿರಬಹುದು. ಹೀಗಾಗಿ ಮಳೆ ಹಿಡಿದ ಮೇಲೆ ಓಡಾಡುವುದಕ್ಕಿಂತ ಏಪ್ರಿಲ್‌ನಲ್ಲೇ ಟ್ರೆಡ್ ಅಳೆಸಿ, ಮೇ ಮುಗಿಯುವುದರೊಳಗೆ ಬದಲಿಸುವುದು ಒಳಿತು. ಜೊತೆಗೆ ವೀಲ್ ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಮಾಡಿಸಿ. ಹೊಸ ಟೈರಿನ ಮೇಲ್ಮೈಯ ನುಣುಪು ಹೋಗುವತನಕ, ಅಂದರೆ ಮೊದಲ ಇನ್ನೂರು ಮುನ್ನೂರು ಕಿ.ಮೀ., ಹದವಾಗಿ ಓಡಿಸಿ. ಆನಂತರ ಹದಿನೈದು ದಿನಕ್ಕೊಮ್ಮೆ, ಟೈರು ತಣ್ಣಗಿರುವಾಗ, ಗಾಳಿ ಪರೀಕ್ಷಿಸಿ.

ಗಂಟೆಗೆ 300 ಕಿ.ಮೀ. ತಾಳುವ ಟೈರಿನ ಪೂರ್ಣ ವೇಗವನ್ನು ನಾಗರಬಾವಿಯ ಯಾರೂ ಎಂದೂ ಬಳಸಲಾರರು. ಆದರೆ ಮೈಸೂರಿನಿಂದ ಹೆಂಡತಿ ಮಕ್ಕಳೊಂದಿಗೆ ಮರಳುವಾಗ, ಬಿಡದಿಯ ಬಳಿ ಕತ್ತಲಲ್ಲಿ ಧೋ ಎಂದು ಮಳೆ ಸುರಿಯುವ ಸಂಜೆ ಪ್ರತಿವರ್ಷವೂ ಬರುತ್ತದೆ. ಟೈರನ್ನು ಆರಿಸಬೇಕಾದದ್ದು ಆ ಸಂಜೆಗಾಗಿ.