ಬಕೆಟ್ಟಿನಲ್ಲಿ ಬಿಯರ್... ಬಜೆಟ್ಟಿಗೆ ತೂತು!

1977ರಲ್ಲಿ ಹಾಲಿವುಡ್ಡಿನಲ್ಲಿ ಒಂದು ಚಿತ್ರ ಬಂತು. ಹೆಸರು ‘ಸ್ಮೋಕಿ ಅಂಡ್ ದ ಬ್ಯಾಂಡಿಟ್’. ಹೀರೋ ಬರ್ಟ್ ರೆನಾಲ್ಡ್ಸ್. ನಿರ್ದೇಶಕ ಹ್ಯಾಲ್ ನೀಡಮ್, ಮೂಲತಃ ಸ್ಟಂಟ್ ಕಲಾವಿದ! ಕಥೆ ಏನು ಗೊತ್ತೆ? ಖಳನಾಯಕನ ಕೈಯಿಂದ ನಾಯಕಿಯನ್ನು ಬಿಡಿಸುವುದಲ್ಲ. ಅಪ್ಪನನ್ನು ಕೊಂದವನ ಮೇಲೆ ಸೇಡೂ ಅಲ್ಲ. ಬರೀ ಬಿಯರ್! 28 ಗಂಟೆಯೊಳಗೆ ಅಟ್ಲಾಂಟಾದಿಂದ ಟೆಕ್ಸರ್ಕಾನಾಕ್ಕೆ ಹೋಗಿ, 400 ಕೇಸು ಬಿಯರ್ ತುಂಬಿಕೊಂಡು, ಪೊಲೀಸರ ಕಣ್ಣಿಗೆ ಮಣ್ಣೆರಚಿ ವಾಪಸು ಬರಬೇಕು. ಪಂದ್ಯ 80 ಸಾವಿರ ಡಾಲರು. ಆ ಬಿಯರನ್ನು ಆಗ ಪೂರ್ವದ ರಾಜ್ಯಗಳಲ್ಲಿ ಮಾರುವ ಹಾಗಿರಲಿಲ್ಲ, ಅದಕ್ಕೇ ಇಷ್ಟೆಲ್ಲ ರಂಪ. ಕಪ್ಪು ಕಾರು, ಹಿಂದೆ ಲಾರಿ, ಅದರ ಹಿಂದೆ ಪೊಲೀಸು... ಚಿತ್ರ ಭರ್ಜರಿ ಹಿಟ್!

ಒಂದು ಬಾಟಲಿ ಬಿಯರಿಗೆ ಇಷ್ಟು ಒದ್ದಾಟವೇ ಅಂತ ನೀವು ನಗಬಹುದು. ಅಭಿಮಾನಿ ಮಿತ್ರರೇ, ನಾನು ನಗಲಾರೆ. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಸಿನಿಮಾ ಪತ್ರಿಕೆ ಕೊಂಡು, ಬಸ್ಸಿನ ಕಿಟಕಿ ಪಕ್ಕ ಓದುತ್ತಾ ಬೆಳೆದವನು ನಾನು. ಈಗ ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಊರಿನ ಪಕ್ಕದಲ್ಲಿ ವಾಸ. ಕೆಲಸ ಕಂಪ್ಯೂಟರಿನದು, ಹುಚ್ಚು ಬಿಯರಿನದು. ಕುಡಿಯುವ ಹುಚ್ಚಲ್ಲ, ಮಾಡುವ ಹುಚ್ಚು!

ಕಾರ್ಟರ್ ಕೊಟ್ಟ ವರ

ಆ ಚಿತ್ರ ತೆರೆಗೆ ಬಂದಾಗ ಅಮೆರಿಕದಲ್ಲಿ ಮನೆಯಲ್ಲಿ ಬಿಯರ್ ಮಾಡುವುದು ಕಾನೂನಿಗೆ ವಿರುದ್ಧ. 1920ರಿಂದ 1933ರವರೆಗೆ ಅಲ್ಲಿ ಪಾನನಿಷೇಧವಿತ್ತು. ಅದು ತೊಲಗಿದಾಗ ಮನೆಯಲ್ಲಿ ವೈನ್ ಮಾಡಲು ಅಪ್ಪಣೆ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ. ಮುಂದಿನ 45 ವರ್ಷ ಜನ ಕದ್ದುಮುಚ್ಚಿ ಮಾಡಿಕೊಂಡರು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಒಂದು ಮಸೂದೆಗೆ ಸಹಿ ಹಾಕಿದರು. 1979ರ ಫೆಬ್ರವರಿಯಿಂದ ಬಾಗಿಲು ತೆರೆಯಿತು. ಮನೆಯಲ್ಲಿ ಒಬ್ಬ ವಯಸ್ಕನಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್, ಎಂದರೆ ಸುಮಾರು 757 ಲೀಟರ್! ಆದರೆ ಒಂದು ತೊಟ್ಟನ್ನೂ ಮಾರುವ ಹಾಗಿಲ್ಲ. ಒಂದೊಂದು ರಾಜ್ಯವೂ ಬೇರೆ ಬೇರೆಯಾಗಿ ಒಪ್ಪಬೇಕಿತ್ತು. ಕೊನೆಗೆ ಒಪ್ಪಿದ ಅಲಬಾಮಾ, ಮಿಸಿಸಿಪ್ಪಿಗಳು 2013ರವರೆಗೂ ಕಾಯಿಸಿದವು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಇದು ಅಲ್ಲಿನ ಮಾತು. ನಮ್ಮ ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡಿದರೆ ಅಪರಾಧ. ಈ ಲೇಖನ ಓದಿ ಯಾರೂ ಬಕೆಟ್ ತೊಳೆಯಲು ಹೋಗಬೇಡಿ!

ರಾಗಿ ಮಾಲ್ಟ್ ಗೊತ್ತಲ್ಲ, ಅದೇ!

ನನಗೆ ಈ ಚಟ ಅಂಟಿಸಿದವನು ಜೊತೆ ಕೆಲಸದ ಒಬ್ಬ ಅಮೆರಿಕನ್. ಅರವತ್ತು ದಾಟಿದವನು, ಸಾಧು ಪ್ರಾಣಿ. ಒಂದು ಭಾನುವಾರ ಅವನ ಮನೆ ಹಿತ್ತಲಲ್ಲಿ ಹಂಡೆ ಇಟ್ಟು ಏನೋ ಕುದಿಸುತ್ತಿದ್ದ. ಗಮ್ಮೆನ್ನುವ ವಾಸನೆ! ಮೂಗಿಗೆ ಬಿದ್ದ ಕೂಡಲೇ ನನಗೆ ನೆನಪಾದದ್ದು ಬಾರಲ್ಲ, ನಮ್ಮಮ್ಮನ ಅಡಿಗೆಮನೆ.

ಯಾಕೆ ಅಂತೀರಾ? ನಮ್ಮ ಕಡೆ ಮಗುವಿಗೆ ರಾಗಿ ಮಾಲ್ಟ್ ಮಾಡೋದು ಹೇಗೆ? ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸೋದು. ಬಿಯರಿಗೆ ರಾಗಿಯ ಬದಲು ಬಾರ್ಲಿ, ಅಷ್ಟೆ. ಮೊಳೆತ ಕಾಳನ್ನು ನುಚ್ಚು ಮಾಡಿ 65-68 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಹಾಕಿದರೆ ಕಾಳಿನ ಪಿಷ್ಟವೆಲ್ಲ ಸಕ್ಕರೆಯಾಗುತ್ತೆ. ಆ ಸಿಹಿನೀರನ್ನು ಬಸಿದು, ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ ಹಾಕಿ ಒಂದು ಗಂಟೆ ಕುದಿಸಬೇಕು. ಆಮೇಲೆ ಬೇಗ ಆರಿಸಿ, ಯೀಸ್ಟ್ ಹಾಕಿ, ಮುಚ್ಚಿಟ್ಟು ಕಾಯಬೇಕು. ನಮ್ಮ ಪಕ್ಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯೇ ಅಮೆರಿಕದ ಹಾಪ್ಸಿನ ಕಣಜ. 1972ರಲ್ಲಿ ಬಿಡುಗಡೆಯಾದ ‘ಕ್ಯಾಸ್ಕೇಡ್’ ಎಂಬ ತಳಿ ನಮ್ಮ ಆರೆಗಾನಿನಲ್ಲೇ ಬೆಳೆಸಿದ್ದು. ಕಿತ್ತಳೆ ಸಿಪ್ಪೆಯ ಘಮ!

ಇಲ್ಲಿ ಹೀರೋ ಯಾರು? ನಾನಲ್ಲ, ಯೀಸ್ಟು. ನಾನೇನಿದ್ದರೂ ಪ್ರೊಡಕ್ಷನ್ ಮ್ಯಾನೇಜರ್. ಸಿಹಿನೀರು ರೆಡಿ ಮಾಡಿಕೊಟ್ಟು ಸೆಟ್ಟಿನಿಂದ ಆಚೆ ನಿಲ್ಲೋದು ನನ್ನ ಕೆಲಸ. ಈ ಹೀರೋ ಮಹಾ ಮೂಡಿ ಆಸಾಮಿ. ಮಾಗಿಯ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬದೆ ಸತಾಯಿಸುತ್ತಲ್ಲ, ಹಾಗೆ ಚಳಿಯಾದರೆ ನಿದ್ದೆ. ಸೆಕೆಯಾದರೆ ರಂಪ, ಬಿಯರಿಗೆ ಕಟು ವಾಸನೆ. 18ರಿಂದ 20 ಡಿಗ್ರಿಯಲ್ಲಿ ಕೂರಿಸಿದರೆ ಮಾತ್ರ ಅಭಿನಯ. ಲಾಗರ್ ಜಾತಿಯದಾದರೆ 10-12 ಡಿಗ್ರಿಯೇ ಬೇಕು. ಅಷ್ಟೇ ಅಲ್ಲ, ಹುದುಗುವಾಗ ಅದು ತನ್ನ ಮೈಬಿಸಿಯನ್ನೇ ಒಂದೆರಡು ಡಿಗ್ರಿ ಏರಿಸಿಕೊಳ್ಳುತ್ತೆ. ಈ ಡಿಗ್ರಿಗಳೇ ನನ್ನ ಜೇಬಿನ ಕಥೆಯ ವಿಲನ್!

ಅಸಲು ಬಂತು, ಆಸೆ ಬಿಡಲಿಲ್ಲ

ಶುರುವಿನ ಲೆಕ್ಕ ಕೇಳಿ. ಎಷ್ಟು ಮುದ್ದಾಗಿತ್ತು! ಎರಡು ಪ್ಲಾಸ್ಟಿಕ್ ಬಕೆಟ್, ಟ್ಯೂಬು, ಬಾಟಲಿಗೆ ಮುಚ್ಚಳ ಒತ್ತುವ ಯಂತ್ರ, ಒಂದು ಹೈಡ್ರೋಮೀಟರ್ (ಹಾಲಿನ ಡೈರಿಯಲ್ಲಿ ನೀರು ಬೆರೆಸಿದ್ದನ್ನು ಹಿಡಿಯುವ ಲ್ಯಾಕ್ಟೋಮೀಟರಿನ ತಮ್ಮ)... ಎಲ್ಲ ಸೇರಿ 110 ಡಾಲರು. ಮಾಲ್ಟನ್ನು ಬೆಲ್ಲದ ಪಾಕದಂತೆ ಡಬ್ಬಿಯಲ್ಲೇ ಮಾರುತ್ತಾರೆ. ಅದು, ಹಾಪ್ಸು, ಯೀಸ್ಟು ಸೇರಿ ಒಂದು ಸಲಕ್ಕೆ 42 ಡಾಲರು. ಬರೋದು 19 ಲೀಟರ್. ಸೋರಿದ್ದು ಕಳೆದು 50 ಸಣ್ಣ ಬಾಟಲಿ. ಎಂದರೆ ಬಾಟಲಿಗೆ 84 ಸೆಂಟ್! ಅಂಗಡಿಯಲ್ಲಿ ಅಂಥದ್ದಕ್ಕೆ 2 ಡಾಲರು. ಎರಡೇ ಸಲ ಮಾಡಿದರೆ ಬಕೆಟ್ಟಿನ ಅಸಲು ಕೈಗೆ ಬಂತು. ಮೂರನೆಯದರಿಂದ ಲಾಭವೇ ಲಾಭ. ನಮ್ಮನೆಯವಳೂ “ಪರವಾಗಿಲ್ಲ ರೀ” ಅಂದಳು.

ಗಾಂಧಿನಗರದಲ್ಲಿ ನಿರ್ಮಾಪಕರು ಕೆಡೋದು ಹೀಗೇ ತಾನೆ? ಮೊದಲ ಚಿತ್ರ ಕಪ್ಪು-ಬಿಳುಪು, ಸಣ್ಣ ಬಜೆಟ್ಟು, ಹಾಕಿದ ದುಡ್ಡು ಬಂತು. ಎರಡನೆಯದಕ್ಕೆ ಈಸ್ಟ್‌ಮನ್ ಕಲರ್ ಬೇಕು. ಮೂರನೆಯದಕ್ಕೆ ಕಾಶ್ಮೀರದಲ್ಲಿ ಎರಡು ಹಾಡು, ಹೆಲಿಕಾಪ್ಟರ್ ಫೈಟು...

ನನ್ನ ಕಲರ್ ಚಿತ್ರ ಶುರುವಾದದ್ದು ಡಬ್ಬಿ ಪಾಕ ಬಿಟ್ಟು ಕಾಳಿಗೆ ಇಳಿದಾಗ. ದೊಡ್ಡ ಸ್ಟೀಲ್ ಹಂಡೆ 140. ಅದನ್ನು ಕುದಿಸಲು ಮದುವೆಮನೆ ಒಲೆಯಂಥ ಗ್ಯಾಸ್ ಸ್ಟವ್ 70. ಕಾಳು ನೆನೆಹಾಕಲು ದೊಡ್ಡ ಐಸ್ ಬಾಕ್ಸು, ಜಾಲರಿ ಸಮೇತ 110. ಬೇಗ ಆರಿಸಲು ತಾಮ್ರದ ಕೊಳವೆ ಸುರುಳಿ 75. ಒಟ್ಟು 395! ಆಮೇಲೆ ಹೀರೋಗೆ ಏರ್ ಕಂಡೀಷನ್ಡ್ ಮೇಕಪ್ ರೂಮ್ ಬೇಡವೆ? ಹಳೇ ಫ್ರಿಜ್ಜು, ಅದಕ್ಕೆ ಡಿಗ್ರಿ ಕಾಯುವ ಯಂತ್ರ, 120.

ಐವತ್ತು ಬಾಟಲಿ ತೊಳೆದವನಿಗೇ ಗೊತ್ತು ಅದರ ಕಷ್ಟ. ಒಂದೂವರೆ ವರ್ಷ ತೊಳೆದು ಬೆನ್ನು ಬಿದ್ದ ಮೇಲೆ ಕೆಗ್ಗಿಗೆ ಬಂದೆ. ಹಿಂದೆ ಸೋಡಾ ಕಂಪನಿಗಳು ಷರಬತ್ತು ತುಂಬುತ್ತಿದ್ದ ಐದು ಗ್ಯಾಲನ್ನಿನ ಉದ್ದನೆ ಸ್ಟೀಲ್ ಡಬ್ಬಿಗಳಿವೆ. ಅವರು ಪ್ಲಾಸ್ಟಿಕ್ ಚೀಲಕ್ಕೆ ಬದಲಾದ ಮೇಲೆ ಅವು ನಮ್ಮಂಥವರ ಪಾಲಾದವು. ಅಂಥವು ಎರಡು, ಗ್ಯಾಸಿನ ಸಿಲಿಂಡರು, ರೆಗ್ಯುಲೇಟರು, ಪೈಪು... 350. ಅದನ್ನೆಲ್ಲ ತಣ್ಣಗಿಡಲು ಡೀಪ್ ಫ್ರೀಜರು, ಮೇಲೆ ಮರದ ಚೌಕಟ್ಟು ಕಟ್ಟಿ ನಾಲ್ಕು ನಲ್ಲಿ, 490. ಕಾಳು ಒಡೆಯುವ ಗಿರಣಿ 170. ಕಟ್ಟಕಡೆಗೆ, ಆಲಿಕೆಯ ಹಾಗೆ ತಳ ಕಿರಿದಾದ ಸ್ಟೀಲ್ ಪಾತ್ರೆ, ಕನ್ನಡಿಯಂತೆ ಹೊಳೆಯುವಂಥದ್ದು, 380. ಅದನ್ನು ನೋಡುತ್ತಾ ಕೂತರೆ ಬಿಯರ್ ಕುಡಿಯೋದೇ ಬೇಡ ಅನಿಸುತ್ತೆ!

ನಮ್ಮನೆಯವಳು ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಒಂದು ಸಂಜೆ ರಸೀತಿಗಳನ್ನೆಲ್ಲ ಹರಡಿಕೊಂಡು ಕೂತಳು.

“ರೀ, ಸಾಮಾನಿಗೇ 2015 ಡಾಲರ್ ಆಗಿದೆ.”

“ಇರಲಿ ಬಿಡೇ. ಬಿಯರ್ ಎಷ್ಟಾಗಿದೆ ನೋಡು.”

“ನಾಲ್ಕು ವರ್ಷದಲ್ಲಿ 31 ಸಲ. ಐವತ್ತರ ಹಾಗೆ 1550 ಬಾಟಲಿ. ಸಾಮಾನಿನ ಬಾಬ್ತು ಬಾಟಲಿಗೆ 1 ಡಾಲರ್ 30 ಸೆಂಟ್. ಕಾಳು-ಗೀಳು ಸರಾಸರಿ 70. ಒಟ್ಟು ಎಷ್ಟಾಯ್ತು?”

ಎರಡು ಡಾಲರು. ಅಂಗಡಿ ರೇಟು! ಒಂದು ಸೆಂಟ್ ಹೆಚ್ಚಿಲ್ಲ, ಕಡಿಮೆ ಇಲ್ಲ. ಗ್ಯಾಸು, ನೀರು, ಒಂದೊಂದು ಸಲಕ್ಕೂ ಭಾನುವಾರದ ಆರು ಗಂಟೆ, ಇವು ಲೆಕ್ಕಕ್ಕೇ ಬಂದಿಲ್ಲ. “ಇದನ್ನೇ ಅಂಗಡೀಲಿ ತಂದಿದ್ರೆ ಗ್ಯಾರೇಜಲ್ಲಿ ಕಾರು ನಿಲ್ಲಿಸಬಹುದಿತ್ತು” ಅಂದಳು. ಸೆನ್ಸಾರ್ ಬೋರ್ಡಿನ ಮುಂದೆ ವಾದ ಮಾಡಿ ಯಾರು ಗೆದ್ದಿದ್ದಾರೆ?

ಆದರೆ ಮಿತ್ರರೇ, ಲೆಕ್ಕದ ಪುಸ್ತಕದಲ್ಲಿ ಕಾಣದ ಒಂದು ಸತ್ಯ ಇದೆ. ಈ 2015 ಡಾಲರಿನಲ್ಲಿ ಬಿಯರಿನ ರುಚಿ ಬದಲಿಸಿದ್ದು ಎರಡೇ. ಒಂದು, ಆ 120 ಡಾಲರಿನ ಹಳೇ ಫ್ರಿಜ್ಜು. ಇನ್ನೊಂದು, ಪಾತ್ರೆಯ ಸೋಂಕು ತೆಗೆಯುವ ಸಣ್ಣ ಬಾಟಲಿ ಔಷಧಿ. ಅದಕ್ಕೆ ಕಾಸು ಅಂಥದ್ದೇನಿಲ್ಲ. ಕುದಿ ಇಳಿದ ಮೇಲೆ ತಾಗುವ ಚಮಚ, ಟ್ಯೂಬು, ಮುಚ್ಚಳ, ಎಲ್ಲ ಆಪರೇಷನ್ ಥಿಯೇಟರಿನಂತೆ ಶುದ್ಧವಾಗಿರಬೇಕು. ಇಲ್ಲವೆಂದರೆ 19 ಲೀಟರ್ ಹುಳಿ! ಉಳಿದ ಹೊಳಪೆಲ್ಲ ನಮ್ಮ ಬೆನ್ನಿಗೆ, ನಮ್ಮ ಕಣ್ಣಿಗೆ.

“ಭಟ್ಟಿ ಇಕ್ಕಿದ್ದೀಯಂತೆ?”

ಸುದ್ದಿ ಸಮುದ್ರ ದಾಟಿ ಮಂಡ್ಯ ಸೇರಿತು. ಅಮ್ಮನ ಫೋನು.

“ಏನ್ಲಾ, ಮನೇಲಿ ಭಟ್ಟಿ ಇಕ್ಕಿದ್ದೀಯಂತೆ?”

ಇದು ನಗುವ ಮಾತಲ್ಲ. ನನ್ನ ಚಿಕ್ಕಪ್ಪ ಸಾರಾಯಿಗೆ ಬಲಿಯಾದವರು. ಗದ್ದೆ ಹೋಯಿತು, ಚಿಕ್ಕಮ್ಮನ ಓಲೆ ಹೋಯಿತು, ಕೊನೆಗೆ ಅವರೂ ಹೋದರು. 1992ರಲ್ಲಿ ಅಣ್ಣಾವ್ರ ‘ಜೀವನ ಚೈತ್ರ’ ಬಂದಾಗ, ಊರಿನ ಸಾರಾಯಿ ವಿರುದ್ಧ ಅವರು ಎದ್ದು ನಿಲ್ಲುವುದನ್ನು ನೋಡಿ ಅಮ್ಮ ಟಾಕೀಸಿನಲ್ಲೇ ಬಿಕ್ಕಿ ಬಿಕ್ಕಿ ಅತ್ತಿದ್ದಳು. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸಿದ ದಿನ ಮನೆಯಲ್ಲಿ ಪಾಯಸ ಮಾಡಿದವಳು. 1981ರಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತದ್ದು ಅವಳಿಗೆ ಇವತ್ತಿಗೂ ನಿನ್ನೆ ಮೊನ್ನೆಯ ಹಾಗೆ.

“ಅದಲ್ಲಮ್ಮ ಇದು” ಅಂದೆ. ಭಟ್ಟಿ ಇಳಿಸೋದು ಬೇರೆ, ಹುದುಗಿಸೋದು ಬೇರೆ. ಮನೆಯಲ್ಲಿ ಭಟ್ಟಿ ಇಳಿಸಿದರೆ ಅಮೆರಿಕದಲ್ಲೂ ಜೈಲೇ. ಅವತ್ತು ಬೆಂಗಳೂರಿನಲ್ಲಿ ಜನರನ್ನು ಕೊಂದದ್ದು ಮಿಥೈಲ್ ಆಲ್ಕೊಹಾಲ್ ಎಂಬ ವಿಷ. ಕಾರ್ಖಾನೆಗಳಿಗೆ ಬೇಕಾಗುವ ಅಗ್ಗದ ಸ್ಪಿರಿಟ್ಟು ಅದು. ಬಾರ್ಲಿ ಹುದುಗಿದರೆ ಆ ವಿಷ ಅಷ್ಟು ಹುಟ್ಟುವುದಿಲ್ಲ. “ಇಡ್ಲಿ ಹಿಟ್ಟು ಹುದುಗಿದಂಗೆ ಕಣಮ್ಮ” ಅಂತ ಕೊನೆಗೆ ಹೇಳಿದೆ.

ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, “ಇಡ್ಲಿ ತಿಂದು ಯಾರೂ ಮನೆ ಮಾರ್ಕಂಡಿಲ್ಲ ಕಣ್ಲಾ!”

ಈ ಡೈಲಾಗಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ. ಯಾಕೆಂದರೆ ನಾಲ್ಕು ನಲ್ಲಿ ಮನೆಯಲ್ಲೇ ಇದ್ದರೆ ಏನಾಗುತ್ತೆ ಅನ್ನೋದನ್ನು ಕಣ್ಣಾರೆ ಕಂಡಿದ್ದೇನೆ. ನಮ್ಮ ಕನ್ನಡದವನೇ ಒಬ್ಬ, ಹಾಸನದ ಕಡೆಯವನು. ನನಗಿಂತ ಒಳ್ಳೆ ಕೈ. ಮೊದಲು ಶನಿವಾರ ಒಂದು ಗ್ಲಾಸು, ಆಮೇಲೆ ದಿನಾ ಒಂದು, ಆಮೇಲೆ ‘ರುಚಿ ನೋಡೋಣ’ ಅಂತ ಮಧ್ಯಾಹ್ನವೇ ಒಂದು. ಬಾಟಲಿ ಆದರೆ ಎಣಿಸಬಹುದು, ಖಾಲಿಯಾದದ್ದು ಮೂಲೆಯಲ್ಲಿ ಸಾಕ್ಷಿ ಹೇಳುತ್ತೆ. ನಲ್ಲಿಗೆ ಲೆಕ್ಕವೇ ಇಲ್ಲ. ಒಂದು ದಿನ ಅವನ ಮಗಳು ಶಾಲೆಯಲ್ಲಿ ‘ನಮ್ಮ ಮನೆ’ ಅಂತ ಚಿತ್ರ ಬರೆದಳು. ಅಪ್ಪನ ಕೈಯಲ್ಲಿ ಗ್ಲಾಸು. ಅದೇ ವಾರ ಹಂಡೆ, ಕೆಗ್ಗು, ಫ್ರೀಜರು ಎಲ್ಲ ಅರ್ಧ ಬೆಲೆಗೆ ಮಾರಿದ. ಗಂಡಸು ಅಂದರೆ ಅವನು!

ನಾನು ಮಾರಲಿಲ್ಲ. ನಾಲ್ಕರಲ್ಲಿ ಎರಡು ನಲ್ಲಿಗೆ ಮನೆಯವಳು ಈಗ ಸೋಡಾ, ಶುಂಠಿ-ನಿಂಬೆ ಷರಬತ್ತು ತುಂಬುತ್ತಾಳೆ. ಉಳಿದೆರಡು ಶುಕ್ರವಾರ, ಶನಿವಾರ ಮಾತ್ರ ತೆರೆಯೋದು, ಅದೂ ಮಗ್ಗಿಗೆ ಅಳತೆ ಗೆರೆ ಎಳೆದು. ಮಾಡಿದ್ದರಲ್ಲಿ ಮುಕ್ಕಾಲು ಪಾಲು ಗೆಳೆಯರ ಮನೆಗೆ. ಮಾರೋ ಹಾಗಿಲ್ಲವಲ್ಲ, ಕೊಟ್ಟು ಹೊಗಳಿಸಿಕೊಳ್ಳೋದೇ ಕಲೆಕ್ಷನ್ನು. “ಚೆನ್ನಾಗಿದೆ” ಅಂತ ಒಬ್ಬ ಎರಡನೇ ಸಲ ಗ್ಲಾಸು ಚಾಚಿದರೆ ಅದೇ ನನಗೆ ಶತದಿನೋತ್ಸವ.

ಮೊನ್ನೆ ರಾಯಚೂರಿನ ಹುಡುಗನೊಬ್ಬ ಬಂದಿದ್ದ. ಹೊಸ ಕೆಲಸ, ಬಾಡಿಗೆ ಮನೆ, ಕಣ್ಣಲ್ಲಿ ಹೊಳಪು. ಅವನಿಗೂ ಕಲಿಯೋ ಆಸೆಯಂತೆ. ನನ್ನ ಮೊದಲ ಬಕೆಟ್ಟು, ಟ್ಯೂಬು, ಮುಚ್ಚಳದ ಯಂತ್ರ ಎಲ್ಲ ಅಟ್ಟದಿಂದ ಇಳಿಸಿದೆ. “30 ಡಾಲರ್ ಕೊಡಪ್ಪ ಸಾಕು. ಇದರಲ್ಲೇ ಒಳ್ಳೆ ಬಿಯರ್ ಆಗುತ್ತೆ. ಶುದ್ಧವಾಗಿಟ್ಕೋ, ತಣ್ಣಗಿಟ್ಕೋ, ಬೇರೇನೂ ಬೇಡ” ಅಂತ ಗುರುವಿನ ಗತ್ತಿನಲ್ಲಿ ಹೇಳಿದೆ. ಬಾಟಲಿಗೆ ತುಂಬುವ ಮುಂಚೆ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಬೇಕು, ಇಲ್ಲದಿದ್ದರೆ ಒಳಗೆ ಗ್ಯಾಸು ಹೆಚ್ಚಿ ಬಾಟಲಿಗಳು ದೀಪಾವಳಿ ಮಾಡುತ್ತವೆ ಅಂತಲೂ ಎಚ್ಚರಿಸಿದೆ.

ಅವನು ಎಲ್ಲದಕ್ಕೂ ತಲೆ ಆಡಿಸಿದ. ಆದರೆ ಕಣ್ಣು ಮಾತ್ರ ನನ್ನ ಹೆಗಲ ಮೇಲಿಂದ ಗ್ಯಾರೇಜಿನ ಮೂಲೆಗೆ ಹೋಗಿತ್ತು.

“ಸರ್, ಆ ಸ್ಟೀಲಿಂದು ಎಷ್ಟ್ ಬೀಳ್ತದ್ರಿ?”