ಪೆಟ್ರೋಲ್ ವಾಸನೆ ಎಲ್ಲಿಂದ ಬರುತ್ತಿದೆ?

ಹಳೆಯ ಪೆಟ್ರೋಲ್ ಕಾರು ಇಟ್ಟುಕೊಂಡವರ ಬಾಯಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: "ಹಳೇ ಗಾಡಿ ಅಲ್ಲವೇ, ಸ್ವಲ್ಪ ಪೆಟ್ರೋಲ್ ವಾಸನೆ ಇದ್ದೇ ಇರುತ್ತದೆ." ಈ ಮಾತು ಸರಿಯಲ್ಲ. ಕಾರಿಗೆ ಎಷ್ಟೇ ವಯಸ್ಸಾಗಿರಲಿ, ಪೆಟ್ರೋಲ್ ವಾಸನೆ ಬರುತ್ತಿದೆ ಎಂದರೆ ಎಲ್ಲೋ ಒಂದು ಕಡೆ ಪೆಟ್ರೋಲು ಹೊರಬರುತ್ತಿದೆ ಎಂದೇ ಅರ್ಥ. ಅದು ಎಲ್ಲಿಂದ ಎಂದು ಹುಡುಕುವುದು ಹೇಗೆ, ಮತ್ತೆ ಸೋರದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇಂದಿನ ಮಾತಿನ ವಿಷಯ.

ಉದಾಹರಣೆಗೆ ಇಂಗ್ಲೆಂಡಿನ ಒಂದು ಸ್ಪೋರ್ಟ್ಸ್ ಕಾರನ್ನು ತೆಗೆದುಕೊಳ್ಳೋಣ. ಅದರ ಹೆಸರು ಎಂ.ಜಿ.ಬಿ. 1962ರಿಂದ 1980ರವರೆಗೆ ಆಬಿಂಗ್ಡನ್ ಎಂಬ ಊರಿನಲ್ಲಿ ತಯಾರಾದ ಈ ಕಾರು 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ಹೊರಬಂತು. ಇಂದಿಗೂ ಸಾವಿರಾರು ಮಂದಿ ಇದನ್ನು ಓಡಿಸುತ್ತಾರೆ. ನಮಗೂ ಇದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇದೆ. ಎಂ.ಜಿ.ಬಿ.ಯ 1798 ಸಿ.ಸಿ. ಎಂಜಿನ್ನು ಬಿ-ಸೀರೀಸ್ ಎಂಬ ಕುಟುಂಬಕ್ಕೆ ಸೇರಿದ್ದು. ನಮ್ಮ ಅಂಬಾಸಿಡರ್ ಕಾರಿನಲ್ಲಿ ದಶಕಗಳ ಕಾಲ ಇದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನೂ ಅದೇ ಕುಟುಂಬದ್ದು. ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿದ ಅಂಬಾಸಿಡರ್ ಟ್ಯಾಕ್ಸಿಯೂ ಇಂಗ್ಲೆಂಡಿನ ಆ ಸ್ಪೋರ್ಟ್ಸ್ ಕಾರೂ ಎಂಜಿನ್ನಿನ ಲೆಕ್ಕದಲ್ಲಿ ದಾಯಾದಿಗಳು.

ಈ ಎಂಜಿನ್ನಿನ ರಚನೆಯಲ್ಲಿ ಒಂದು ವಿಶೇಷವಿದೆ. ಗಾಳಿ ಮತ್ತು ಪೆಟ್ರೋಲು ಒಳಹೋಗುವ ದಾರಿ, ಸುಟ್ಟ ಹೊಗೆ ಹೊರಬರುವ ದಾರಿ ಎರಡೂ ಎಂಜಿನ್ನಿನ ಒಂದೇ ಪಕ್ಕದಲ್ಲಿವೆ. ಅಂದರೆ ಕಾರ್ಬುರೇಟರಿನ ಪಕ್ಕದಲ್ಲೇ, ಅದಕ್ಕಿಂತ ಸ್ವಲ್ಪ ಕೆಳಗೆ, ಕಾದು ಸುಡುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇದೆ. ನಡುವೆ ಶಾಖ ತಡೆಯುವ ಒಂದು ತಗಡು ಇರುತ್ತದೆ, ಅಷ್ಟೇ. ಕಾರ್ಬುರೇಟರಿನಿಂದ ಸೋರಿದ ಪೆಟ್ರೋಲು ಹೋಗುವುದು ಆ ಬೆಂಕಿಯ ನೆರೆಗೇ.

ಪೆಟ್ರೋಲಿನ ಸ್ವಭಾವವನ್ನೂ ಸ್ವಲ್ಪ ತಿಳಿದಿರಬೇಕು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಕಡುಚಳಿಯಲ್ಲೂ ಅದು ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಗಾಳಿಯಲ್ಲಿ ಆ ಆವಿ ನೂರಕ್ಕೆ ಒಂದೂವರೆ ಪಾಲಿನಷ್ಟು ಬೆರೆತರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಕಿಡಿಗೇನು ಬರ? ಡೈನಮೊ, ಡಿಸ್ಟ್ರಿಬ್ಯೂಟರ್, ಬಿರುಕುಬಿಟ್ಟ ಪ್ಲಗ್ ವೈರು ಎಲ್ಲವೂ ಬಾನೆಟ್ಟಿನ ಕೆಳಗೇ ಇವೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದ್ದರಿಂದ ಮೇಲೆ ಹಾರಿಹೋಗದೆ ನೆಲ ಹಿಡಿದು ಹರಿಯುತ್ತದೆ. ಶೆಡ್ಡಿನ ಮೂಲೆಯಲ್ಲಿ, ರಿಪೇರಿ ಗುಂಡಿಯಲ್ಲಿ ತಂಗುತ್ತದೆ.

ಸೋರಿಕೆ ಹುಡುಕುವುದು ಏಕೆ ಕಷ್ಟ? ಎಂಜಿನ್ ಬಿಸಿಯಿದ್ದಾಗ ಸಣ್ಣ ಹನಿ ಕಣ್ಣಿಗೆ ಬೀಳುವ ಮೊದಲೇ ಆವಿಯಾಗಿ ಹೋಗುತ್ತದೆ. ಮೂಗಿಗೆ ಮಾತ್ರ ಸಿಗುತ್ತದೆ. ಆದ್ದರಿಂದ ತಪಾಸಣೆಯನ್ನು ರಾತ್ರಿಯಿಡೀ ನಿಂತು ತಣ್ಣಗಾದ ಕಾರಿನಲ್ಲಿ, ಬೆಳಿಗ್ಗೆ, ಬಯಲಿನಲ್ಲಿ ಮಾಡಬೇಕು. ಬೀಡಿ, ಸಿಗರೇಟು, ಬೆಂಕಿಕಡ್ಡಿ ದೂರವಿರಲಿ. ಬ್ಯಾಟರಿಯ ಅರ್ಥ್ ತಂತಿ ಬಿಚ್ಚಿಡಿ. ಟಾರ್ಚು ಸಾಕು. ಬೆಂಕಿ ಆರಿಸುವ ಪುಡಿಯ ಸಿಲಿಂಡರ್ ಕೈಗೆಟುಕುವಂತಿರಲಿ.

ಇನ್ನು ಹುಡುಕುವ ಕ್ರಮ. ಕಂಡಕಂಡಲ್ಲಿ ಕೈಹಾಕಬಾರದು. ಟ್ಯಾಂಕಿನಿಂದ ಹೊರಟು ಪೆಟ್ರೋಲು ಹರಿಯುವ ದಾರಿಯಲ್ಲೇ ಮುಂದೆ ಮುಂದೆ ಬರಬೇಕು.

ಮೊದಲು ಟ್ಯಾಂಕು. ಎಂ.ಜಿ.ಬಿ.ಯಲ್ಲಿ ಇದು ಡಿಕ್ಕಿಯ ತಳದ ಕೆಳಗಿದೆ. ಟ್ಯಾಂಕಿನ ನೆತ್ತಿಗೂ ಡಿಕ್ಕಿಯ ತಗಡಿಗೂ ನಡುವಿನ ಸಂದಿಯಲ್ಲಿ ಕೆಸರು, ನೀರು ನಿಂತು, ಟ್ಯಾಂಕು ಮೇಲುಭಾಗದಲ್ಲೇ ತುಕ್ಕು ಹಿಡಿಯುತ್ತದೆ. ಕೆಳಗಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಟ್ಯಾಂಕ್ ತುಂಬಿಸಿದ ದಿನ ಮಾತ್ರ ವಾಸನೆ ಬಂದು, ಅರ್ಧಕ್ಕಿಳಿದ ಮೇಲೆ ನಿಂತರೆ, ತೂತು ಮೇಲುಗಡೆ ಇದೆ ಎಂದು ತಿಳಿಯಿರಿ. ಗೇಜಿನ ಯೂನಿಟ್ಟು ಕೂರುವ ಜಾಗದ ರಬ್ಬರ್ ವಾಷರೂ ಹೀಗೇ ಸೋರಬಹುದು.

ಎರಡನೆಯದು ಪಂಪು. ಎಂ.ಜಿ.ಬಿ.ಯ ಪಂಪು ವಿದ್ಯುತ್ತಿನದು. ಹಿಂದುಗಡೆ ಟ್ಯಾಂಕಿನ ಬಳಿಯೇ ಇದೆ. ಚದರ ಅಂಗುಲಕ್ಕೆ ಸುಮಾರು 3 ಪೌಂಡ್ ಒತ್ತಡದಲ್ಲಿ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಕೆಲಸ ಮಾಡುವಾಗ ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. ಈ ಸದ್ದೇ ನಮಗೆ ಒಳ್ಳೆಯ ಪರೀಕ್ಷೆ. ಬ್ಯಾಟರಿಯ ತಂತಿಯನ್ನು ಮತ್ತೆ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ತಿರುಗಿಸಿ. ಕಾರ್ಬುರೇಟರಿನ ಬಟ್ಟಲು ತುಂಬುವವರೆಗೆ ಪಂಪು ಬೇಗ ಬೇಗ ಬಡಿಯುತ್ತದೆ; ಆಮೇಲೆ ಸುಮ್ಮನಾಗಬೇಕು. ಅರ್ಧ ನಿಮಿಷಕ್ಕೊಮ್ಮೆ ಒಂದು ಟಿಕ್ ಎಂದರೆ ಚಿಂತೆಯಿಲ್ಲ. ನಿಧಾನವಾಗಿ, ಆದರೆ ನಿಲ್ಲದೆ ಬಡಿಯುತ್ತಿದ್ದರೆ ಪಂಪಿನ ಮುಂದೆ ಎಲ್ಲೋ ಪೆಟ್ರೋಲು ಹೊರಹೋಗುತ್ತಿದೆ, ಇಲ್ಲವೇ ಪಂಪಿನೊಳಗಿನ ವಾಲ್ವು ಹಿಡಿಯುತ್ತಿಲ್ಲ. ಬಟ್ಟಲು ತುಂಬದೆ ಪಟಪಟನೆ ಬಡಿಯುತ್ತಲೇ ಇದ್ದರೆ ಟ್ಯಾಂಕು ಖಾಲಿ, ಇಲ್ಲವೇ ಪಂಪಿನ ಹಿಂದಿನ ಪೈಪಿನಲ್ಲಿ ಗಾಳಿ ಎಳೆಯುತ್ತಿದೆ. ಈ ಪರೀಕ್ಷೆ ಮಾಡುವಾಗ ಇನ್ನೊಬ್ಬರು ಬಾನೆಟ್ ಬಳಿ ನಿಂತು ನೋಡುತ್ತಿರಲಿ. ಪೆಟ್ರೋಲು ಕಂಡ ಕೂಡಲೇ ಕೀಲಿ ತೆಗೆಯಬೇಕು.

ಪ್ರೀಮಿಯರ್ ಪದ್ಮಿನಿಯಂಥ ಕಾರುಗಳಲ್ಲಿ ಪಂಪು ಎಂಜಿನ್ನಿಗೇ ಜೋಡಿಸಿದ್ದು. ಅಲ್ಲಿ ಲೆಕ್ಕ ಬೇರೆ. ಹಿಂದಿನಿಂದ ಬರುವ ಉದ್ದದ ಪೈಪು ಪೆಟ್ರೋಲನ್ನು ತಳ್ಳುವುದಿಲ್ಲ, ಹೀರುತ್ತದೆ. ಬಿರುಕಿದ್ದರೆ ಓಡುವಾಗ ಹನಿ ಬೀಳುವುದಿಲ್ಲ. ಗಾಳಿ ಒಳಗೆ ಹೋಗಿ ಎಂಜಿನ್ ಮಿಸ್ ಆಗುತ್ತದೆ. ಪಂಪಿನ ಡಯಾಫ್ರಮ್ ಹರಿದರೆ ಪೆಟ್ರೋಲು ಎಂಜಿನ್ ಆಯಿಲ್‌ಗೆ ಸೇರಬಹುದು. ಡಿಪ್ ಸ್ಟಿಕ್ ತೆಗೆದು ನೋಡಿ. ಹಾಕದೆಯೇ ಆಯಿಲ್ ಮಟ್ಟ ಏರಿದ್ದರೆ, ಪೆಟ್ರೋಲ್ ವಾಸನೆ ಬಂದರೆ, ಕಾರನ್ನು ಸ್ಟಾರ್ಟ್ ಮಾಡಲೇಬೇಡಿ. ಪೆಟ್ರೋಲು ಬೆರೆತ ಆಯಿಲ್ ಬೇರಿಂಗುಗಳನ್ನೂ ಕಾಯುವುದಿಲ್ಲ.

ಮೂರನೆಯದು ಪೈಪುಗಳು. ಲೋಹದ ಪೈಪಿಗಿಂತ ಮೊದಲು ಸೋಲುವುದು ನಡುನಡುವಿನ ರಬ್ಬರ್ ಹೋಸು. ಅದನ್ನು ಬೆರಳಿನಿಂದ ಬಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೆ, ಕಟ್ಟಿಗೆಯಂತೆ ಗಟ್ಟಿಯಾಗಿದ್ದರೆ, ಅಥವಾ ಉಬ್ಬಿ ಮೆತ್ತಗಾಗಿದ್ದರೆ ಅದರ ಆಯಸ್ಸು ಮುಗಿದಿದೆ. ಕೀಲುಗಳ ಸುತ್ತ ಕಂದು ಬಣ್ಣದ, ವಾರ್ನಿಷ್ ಹಚ್ಚಿದಂಥ ಕಲೆ ಇದೆಯೇ ನೋಡಿ. ಪೆಟ್ರೋಲು ಮತ್ತೆ ಮತ್ತೆ ಹನಿದು ಒಣಗಿದ ಗುರುತು ಅದು.

ಕೊನೆಯದು ಕಾರ್ಬುರೇಟರು. ಎಂ.ಜಿ.ಬಿ.ಯಲ್ಲಿ ಎಸ್.ಯು. ಕಂಪನಿಯ ಜೋಡಿ ಕಾರ್ಬುರೇಟರುಗಳಿವೆ. ಬಟ್ಟಲಿನೊಳಗೆ ಫ್ಲೋಟು ತೇಲುತ್ತಿರುತ್ತದೆ. ಪೆಟ್ರೋಲು ಏರಿದಂತೆ ಅದು ಮೇಲೆದ್ದು ಒಂದು ಸೂಜಿಯಿಂದ ದಾರಿ ಮುಚ್ಚುತ್ತದೆ. ಸೂಜಿಯ ತುದಿ ಸವೆದರೆ, ಒಂದು ಕಸ ಸಿಕ್ಕಿಕೊಂಡರೆ, ಫ್ಲೋಟು ತೂತಾಗಿ ಮುಳುಗಿದರೆ ದಾರಿ ಮುಚ್ಚುವುದಿಲ್ಲ. ಪೆಟ್ರೋಲು ಓವರ್‌ಫ್ಲೋ ಪೈಪಿನಿಂದ ಸುರಿಯುತ್ತದೆ. ಬಟ್ಟಲಿನ ಮುಚ್ಚಳಕ್ಕೆ ಮೆಲ್ಲಗೆ ತಟ್ಟಿದಾಗ ಸುರಿಯುವುದು ನಿಂತರೆ ಸೂಜಿ ಸಿಕ್ಕಿಕೊಂಡಿತ್ತು ಎಂದರ್ಥ. ಅದು ರಿಪೇರಿಯಲ್ಲ, ಸೂಜಿ ಮತ್ತು ಅದು ಕೂರುವ ಸೀಟು ಎರಡನ್ನೂ ಒಟ್ಟಿಗೇ ಹೊಸದು ಹಾಕಬೇಕು. 1960ರ ದಶಕದ ಕಾರುಗಳಲ್ಲಿ ಬಟ್ಟಲಿನಿಂದ ಜೆಟ್ಟಿಗೆ ಹೋಗುವ ಒಂದು ಸಣ್ಣ ನೈಲಾನ್ ಪೈಪು ಇದೆ. ಅದರ ಬುಡದ ರಬ್ಬರ್ ಸೀಲಿನಲ್ಲಿ ಹನಿಯುವುದು ಬಹಳ ಸಾಮಾನ್ಯ.

ಈಗ ತಡೆಗಟ್ಟುವ ವಿಚಾರ. ಹೋಸು ನೋಡಲು ಚೆನ್ನಾಗಿದೆ ಎಂದು ಬಿಡಬೇಡಿ. ಹಾಕಿದ ವರ್ಷವನ್ನು ಬರೆದಿಟ್ಟು, ಐದು ವರ್ಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೇ ಬದಲಿಸಿದರೆ ಒಳ್ಳೆಯದು. ಇಲ್ಲಿ ಎಥನಾಲಿನ ಮಾತು ಬರುತ್ತದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ನೂರಕ್ಕೆ 10ರವರೆಗೆ ಎಥನಾಲ್ ಇದೆ. ನಮ್ಮಲ್ಲಿ ನೂರಕ್ಕೆ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. 2025ರ ಹೊತ್ತಿಗೆ ಅದು ದೇಶದಲ್ಲೆಲ್ಲ ಬಂದಿತು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕಬ್ಬು ಬೆಳೆಗಾರರಿಗೆ ಎಥನಾಲ್ ಹೊಸದಲ್ಲ. ಬೆಳೆಗಾರರಿಗೆ ಅದು ಒಳ್ಳೆಯದೇ ಇರಬಹುದು, ಆದರೆ ಹಳೆಯ ರಬ್ಬರಿಗೆ ಒಗ್ಗುವುದಿಲ್ಲ. ಎಥನಾಲ್ ಅದನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಇಲ್ಲವೇ ಬಿರುಕು ಬಿಡಿಸುತ್ತದೆ. ಗಾಳಿಯ ತೇವ ಹೀರಿ ಟ್ಯಾಂಕಿಗೆ ತುಕ್ಕನ್ನೂ ತರುತ್ತದೆ. ಆದ್ದರಿಂದ ಹೋಸು ಕೊಳ್ಳುವಾಗ ಅದರ ಮೈಮೇಲೆ ಅಚ್ಚಾದ ಗುರುತು ಓದಿ. ಎಸ್.ಎ.ಇ. ಜೆ 30 ಆರ್ 9 ಎಂದಿದ್ದರೆ ಒಳಪದರ ಎಥನಾಲ್ ತಡೆಯುವಂಥದ್ದು. ಗುರುತೇ ಇಲ್ಲದ ಹೋಸು ಎಷ್ಟು ಅಗ್ಗವಾದರೂ ಬೇಡ.

ಕ್ಲಿಪ್ಪಿನ ಪಟ್ಟಿಯಲ್ಲಿ ಸೀಳುಗಳಿದ್ದರೆ ಅದು ರಬ್ಬರನ್ನು ಕತ್ತರಿಸುತ್ತದೆ. ನುಣ್ಣನೆ ಪಟ್ಟಿಯ ಪೆಟ್ರೋಲ್ ಕ್ಲಿಪ್ಪನ್ನೇ ಹಾಕಿ. ಪಂಪಿಗೆ ಮೊದಲು ಫಿಲ್ಟರ್ ಇರಲಿ. ಪ್ಯಾಕಿಂಗ್ ಜಾಗಕ್ಕೆ ಸಿಲಿಕೋನ್ ಮೆತ್ತಬೇಡಿ. ಪೆಟ್ರೋಲಿನಲ್ಲಿ ಅದು ಉಬ್ಬಿ ಕಿತ್ತುಬರುತ್ತದೆ. ದಾರಿಯಲ್ಲಿ ಟ್ಯಾಂಕು ಸೋರಿದರೆ ಬಟ್ಟೆ ಸೋಪು ಮೆತ್ತುವುದು ನಮ್ಮ ಮೆಕ್ಯಾನಿಕ್ಕುಗಳ ಹಳೆಯ ಉಪಾಯ. ಸೋಪು ಪೆಟ್ರೋಲಿನಲ್ಲಿ ಕರಗದ ಕಾರಣ ಗ್ಯಾರೇಜು ಸೇರುವವರೆಗೆ ಅದು ನಿಲ್ಲುತ್ತದೆ, ಅಷ್ಟಕ್ಕೆ ಮಾತ್ರ. ಖಾಲಿ ಮಾಡಿದ ಟ್ಯಾಂಕಿಗೆ ನೇರವಾಗಿ ವೆಲ್ಡಿಂಗ್ ಮಾಡಿಸಲೇಬೇಡಿ. ಒಳಗೆ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ.

ವಿದ್ಯುತ್ ಪಂಪಿಗೆ ಇನ್ನೊಂದು ದೋಷವಿದೆ. ಅಪಘಾತವಾಗಿ ಎಂಜಿನ್ ನಿಂತರೂ, ಕೀಲಿ ಆನ್ ಇರುವವರೆಗೆ ಅದು ಮುರಿದ ಪೈಪಿನಿಂದ ಪೆಟ್ರೋಲು ಸುರಿಸುತ್ತಲೇ ಇರುತ್ತದೆ. ಡಿಕ್ಕಿಯಾದ ಕೂಡಲೇ ಕರೆಂಟು ಕಡಿಯುವ ಇನರ್ಷಿಯಾ ಸ್ವಿಚ್ಚು ಎಂಬ ಚಿಕ್ಕ ಸಾಧನವನ್ನು ಹಾಕಿಸಿಕೊಳ್ಳಬಹುದು.

ಓಡಿಸುವಾಗ ವಾಸನೆ ಬಂದರೆ ಮುಂದಿನ ಊರಿನವರೆಗೆ ಹೋಗೋಣ ಎನ್ನಬೇಡಿ. ಪಕ್ಕಕ್ಕೆ ನಿಲ್ಲಿಸಿ, ಕೀಲಿ ತೆಗೆದು, ಎಲ್ಲರನ್ನೂ ಇಳಿಸಿ. ಬಾನೆಟ್ ಕೆಳಗಿನಿಂದ ಹೊಗೆ ಬರುತ್ತಿದ್ದರೆ ಅದನ್ನು ಪೂರ್ತಿ ಎತ್ತಬೇಡಿ. ಗಾಳಿ ನುಗ್ಗಿ ಬೆಂಕಿ ಭುಗಿಲೇಳುತ್ತದೆ. ಸಂದಿಯಿಂದಲೇ ಪುಡಿ ಹೊಡೆಯಿರಿ. ನೀರು ಹಾಕಬೇಡಿ, ಪೆಟ್ರೋಲು ನೀರಿನ ಮೇಲೆ ತೇಲಿಕೊಂಡು ಹರಡುತ್ತದೆ. ಬೆಂಕಿ ಕೈಮೀರಿದರೆ ಕಾರನ್ನು ಬಿಟ್ಟು ದೂರ ಸರಿಯಿರಿ. ಪುಡಿಯ ಸಿಲಿಂಡರ್ ಡಿಕ್ಕಿಯಲ್ಲಿರದೆ ಸೀಟಿನ ಬಳಿ ಇರಬೇಕಾದದ್ದು ಇದಕ್ಕಾಗಿಯೇ.

ಹಳೆಯ ಕಾರನ್ನು ಪ್ರೀತಿಯಿಂದ ಇಟ್ಟುಕೊಂಡವರು ಅದರ ಬಣ್ಣ ಉಜ್ಜಿ ಹೊಳೆಯಿಸುತ್ತಾರೆ. ಈ ಭಾನುವಾರ ಅದಕ್ಕೆ ಮೊದಲು ಬಾನೆಟ್ ಎತ್ತಿ, ನಾಲ್ಕು ಹೋಸುಗಳನ್ನು ಬಗ್ಗಿಸಿ ನೋಡಿ, ಪಂಪಿನ ಸದ್ದು ನಿಲ್ಲುತ್ತದೆಯೇ ಎಂದು ಕಿವಿಗೊಟ್ಟು ಕೇಳಿ. ಅರ್ಧ ಗಂಟೆಯ ಕೆಲಸ ಅದು.